ರೆಡ್ ಗಪ್ಪಿ ಮೀನಿನ ಜೋಡಿ ಕೊಂಡು ತಂದೆ, ಮರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೂದು ಬಣ್ಣ. ಯಾಕೆ?

ಕೋಟೆ_ಕೆಳಗೆ (ರಾಯಚೂರು), 4 ಫೆಬ್ರವರಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 27ಕ್ಕೆ ಒಂದು ಜೋಡಿ ಅಲ್ಬಿನೊ (ಮೈಯಲ್ಲಿ ಕಪ್ಪು ಬಣ್ಣ ಇಲ್ಲದ) ಫುಲ್ ರೆಡ್ ಗಪ್ಪಿ ತಂದೆ. ಜೋಡಿಗೆ 350 ರೂಪಾಯಿ. ಎರಡಕ್ಕೂ ಕೆಂಪು ಕಣ್ಣು. ಗಂಡು ಮೂತಿಯಿಂದ ಬಾಲದ ತುದಿವರೆಗೆ ಒಂದೇ ಸಮ ಕುಂಕುಮದ ಬಣ್ಣ. ಹೆಣ್ಣಿನ ಮೈ ತಿಳಿ ಕೇಸರಿ, ಬಾಲ ಕೆಂಪು.

ಜನವರಿ 11ರ ರಾತ್ರಿ ಹೆಣ್ಣು ಮರಿ ಹಾಕಿತು. ಟ್ಯಾಂಕ್ ಮುಂದೆ ಕೂತು ನೋಡಿದೆ. ಒಂದೊಂದು ಮರಿಯೂ ಮೆಂತ್ಯ ಕಾಳಿನ ಹಾಗೆ ಮಡಚಿಕೊಂಡು ಹೊರಗೆ ಬರುತ್ತದೆ. ತಳಕ್ಕೆ ಬಿದ್ದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಮೈ ಬಿಚ್ಚಿ, ಜೀರಿಗೆ ಕಾಳಿನಷ್ಟು ಉದ್ದವಾಗಿ, ನೇರ ಪಾಚಿಯೊಳಗೆ ಓಡುತ್ತದೆ. 27 ಮರಿ ಎಣಿಸಿದೆ. ಎಲ್ಲವನ್ನೂ ಬೇರೆ ಥರ್ಮಾಕೋಲ್ ಡಬ್ಬಿಗೆ ಹಾಕಿದೆ. ಇವತ್ತಿನವರೆಗೆ ಒಂದೂ ಸತ್ತಿಲ್ಲ.

ಆದರೆ 27ರಲ್ಲಿ 9ಕ್ಕೆ ಮಾತ್ರ ಕೆಂಪು ಕಣ್ಣು. ಉಳಿದ 18ಕ್ಕೆ ಕಪ್ಪು ಕಣ್ಣು, ಬೂದು ಮೈ. ಅಂಗಡಿಯಲ್ಲಿ ಕೇಳಿದರೆ "ನಿಮ್ಮ ನೀರು ಸರಿ ಇಲ್ಲ, ಅದಕ್ಕೆ ಬಣ್ಣ ಬಂದಿಲ್ಲ, ಆರ್‌ಒ ನೀರು ಹಾಕಿ" ಅಂದರು. ಇದು ನಿಜವಾ? ನಮ್ಮದು ಬೋರ್ ನೀರು. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) ಮೀಟರ್ 1100 ತೋರಿಸುತ್ತದೆ.

ಇನ್ನೊಂದು ಭಯವೂ ಇದೆ. ಹೋದ ಮೇ ತಿಂಗಳಲ್ಲಿ ನನ್ನ 14 ಗಪ್ಪಿ ನಾಲ್ಕು ದಿನದಲ್ಲಿ ಹೋದವು. ಸಾದಾ ಮಿಕ್ಸ್ ಗಪ್ಪಿ, ಆದರೂ ಒಂದು ವರ್ಷ ಸಾಕಿದ್ದವು. ಆ ಟ್ಯಾಂಕನ್ನು ತೊಳೆದಿಡುವಾಗ ಆದ ಸಂಕಟ ಇನ್ನೂ ಮರೆತಿಲ್ಲ. ಈ ಸಲ ಬೇಸಿಗೆಗೆ ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ಹರವಿ_ನೀರು (ಗಂಗಾವತಿ), 4 ಫೆಬ್ರವರಿ

ತಮ್ಮಾ, 27ಕ್ಕೆ 27 ಮರಿ ಉಳಿಸಿಕೊಂಡಿದ್ದೀರಿ. ನಿಮ್ಮ ಕೈಗುಣ ಚೆನ್ನಾಗಿದೆ.

ನೀರು ಕೆಟ್ಟರೆ ಬಣ್ಣ ಮಾಸಬಹುದು, ಕಣ್ಣು ಕಪ್ಪಾಗುವುದಿಲ್ಲ. ಕೆಂಪು ಕಣ್ಣಿನ ಗಂಡು, ಕೆಂಪು ಕಣ್ಣಿನ ಹೆಣ್ಣು ಕೂಡಿದರೆ ಹುಟ್ಟುವ ಪ್ರತಿ ಮರಿಗೂ ಕೆಂಪು ಕಣ್ಣೇ ಇರಬೇಕು. ಕಪ್ಪು ಕಣ್ಣಿನ ಮರಿ ಬಂತು ಅಂದರೆ ಅದರ ಅಪ್ಪ ನಿಮ್ಮ ಗಂಡು ಅಲ್ಲ.

ಸ್ವಲ್ಪ ದಿನದ ಲೆಕ್ಕ ಹಾಕಿ. ಮೀನು ತಂದಿದ್ದು ಡಿಸೆಂಬರ್ 27. ಮರಿ ಹಾಕಿದ್ದು ಜನವರಿ 11. ಅಂದರೆ 15 ದಿನ. ಗಪ್ಪಿ ಗಬ್ಬ ಇರುವುದು ಮೂರರಿಂದ ನಾಲ್ಕು ವಾರ. ಹಾಗಾದರೆ ಆ ಹೆಣ್ಣು ನಿಮ್ಮ ಮನೆಗೆ ಬರುವಾಗಲೇ ಗಬ್ಬ ಇತ್ತು. ಅಂಗಡಿಯ ಟ್ಯಾಂಕಿನಲ್ಲಿ ಹತ್ತು ತರದ ಗಂಡುಗಳ ನಡುವೆ ಇತ್ತು. 9 ಕೆಂಪು ಕಣ್ಣಿನ ಮರಿಗೂ ನಿಮ್ಮ ಗಂಡೇ ಅಪ್ಪ ಅಂತ ಹೇಳಲಾಗುವುದಿಲ್ಲ.

ಇನ್ನೂ ಒಂದು ಗೊತ್ತಿರಲಿ. ಗಪ್ಪಿ ಹೆಣ್ಣು ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ. ಆಮೇಲೆ ಗಂಡು ಇಲ್ಲದಿದ್ದರೂ ಐದಾರು ಸಲ ಮರಿ ಹಾಕಬಹುದು. ಹಾಗಾಗಿ ಇನ್ನು ಮುಂದಿನ ಸಲವೂ ಆ ತಾಯಿಯಿಂದ ಬೂದು ಮರಿ ಬಂದರೆ ಆಶ್ಚರ್ಯ ಇಲ್ಲ. ಅಂಗಡಿಯವರು ಬೇಕು ಅಂತ ಮೋಸ ಮಾಡಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಗಂಡು ಹೆಣ್ಣು ಬೇರೆ ಬೇರೆ ಸಾಕುವಷ್ಟು ಜಾಗ ಅವರಿಗೆ ಇರುವುದಿಲ್ಲ.

ನಿಮಗೆ ಬೇಕಾದ ತಳಿ ಆ 9 ಮರಿಗಳಲ್ಲಿ ಇದೆ. ಆದರೆ ಅವಕ್ಕೆ ಇವತ್ತು 24 ದಿನ. ದಯವಿಟ್ಟು ಇವತ್ತು ರಾತ್ರಿಯೇ ಗಂಡು ಹೆಣ್ಣು ಬೇರೆ ಮಾಡಿ. ಇನ್ನೊಂದು ವಾರ ಹತ್ತು ದಿನ ಬಿಟ್ಟರೆ ಬೂದು ಗಂಡುಮರಿಗಳು ಕೂಡಲು ಶುರು ಮಾಡುತ್ತವೆ. ಆಮೇಲೆ ಆ ಹೆಣ್ಣುಗಳೂ ಕೈಬಿಟ್ಟ ಹಾಗೆಯೇ.

ಹೊಟ್ಟೆಯ ಕೆಳಗಿನ ರೆಕ್ಕೆ ನೋಡಿ. ಬೀಸಣಿಗೆ ತರ ಅಗಲವಾಗಿ ಮೂರು ಮೂಲೆ ಇದ್ದರೆ ಹೆಣ್ಣು. ಮುಂದಿನ ಕಡ್ಡಿಗಳು ದಪ್ಪವಾಗಿ ಚೂಪಾಗುತ್ತಿದ್ದರೆ ಗಂಡು. ಸಾದಾ ಗಪ್ಪಿಯಲ್ಲಿ ಗಬ್ಬದ ಚುಕ್ಕೆ (ಹೆಣ್ಣಿನ ಹೊಟ್ಟೆಯ ಹಿಂಭಾಗದ ಗುರುತು) ಕಪ್ಪಗೆ ಕಾಣುತ್ತದೆ, ಬೇಗ ಗೊತ್ತಾಗುತ್ತದೆ. ಅಲ್ಬಿನೊದಲ್ಲಿ ಕಪ್ಪು ಬಣ್ಣವೇ ಇಲ್ಲವಲ್ಲ, ಚುಕ್ಕೆ ಹಳದಿ ಮಿಶ್ರಿತ ಗುಲಾಬಿ ಇರುತ್ತದೆ. ಸುಮ್ನೆ ಮೇಲಿಂದ ನೋಡಿದರೆ ಸಿಗುವುದಿಲ್ಲ. ಗಾಜಿನ ಲೋಟಕ್ಕೆ ಒಂದೊಂದೇ ಹಾಕಿ ಪಕ್ಕದಿಂದ ನೋಡಬೇಕು. ಅನುಮಾನ ಬಂದದ್ದನ್ನು ಗಂಡುಗಳ ಜೊತೆಗೆ ಹಾಕಿ, ಹೆಣ್ಣುಗಳ ಜೊತೆಗೆ ಬೇಡ.

ಕೋಟೆ_ಕೆಳಗೆ (ರಾಯಚೂರು), 5 ಫೆಬ್ರವರಿ

ಅಕ್ಕಾ, ರಾತ್ರಿ 12ರವರೆಗೆ ಕೂತು ಮುಗಿಸಿದೆ. ಮಗನ ಭೂತಗನ್ನಡಿ, ಮೊಬೈಲ್ ಟಾರ್ಚ್, ಟೀ ಕುಡಿಯುವ ಗಾಜಿನ ಲೋಟ. ಟಾರ್ಚ್ ಹಿಂದಿನಿಂದ ಹಿಡಿದರೆ ಮರಿಯ ಮೈ ಸಾಬೂನಿನ ಗುಳ್ಳೆ ತರ ಪಾರದರ್ಶಕ. ಒಳಗೆ ಬೆನ್ನೆಲುಬು ಕೂದಲೆಳೆಯ ಹಾಗೆ, ಕಿವಿರಿನ ಹತ್ತಿರ ಕೆಂಪು ಮಿಡಿಯುವುದು ಕಾಣುತ್ತದೆ. ನೀವು ಹೇಳಿದ ಗುಲಾಬಿ ಚುಕ್ಕೆ ಹಿಂದಿನ ರೆಕ್ಕೆಯ ಸ್ವಲ್ಪ ಮೇಲೆ ಇತ್ತು. ಮೊದಲ ಮೂರು ಮರಿ ನೋಡುವಾಗ ಕಾಣಲೇ ಇಲ್ಲ. ನಾಲ್ಕನೆಯದರಲ್ಲಿ ಕಂಡಿತು, ಆಮೇಲೆ ಹೆಣ್ಣುಗಳಲ್ಲೆಲ್ಲ ಕಂಡಿತು.

4 ಹೆಣ್ಣು, 4 ಗಂಡು, 1 ಅನುಮಾನ. ಅನುಮಾನದ್ದು ಗಂಡುಗಳ ಡಬ್ಬಿಗೆ ಹೋಯಿತು. 18 ಬೂದು ಮರಿಗಳು ಮೂರನೇ ಡಬ್ಬಿಯಲ್ಲಿ. ತಾಯಿ ಮತ್ತು ಅದರ ಜೊತೆ ಕೊಂಡ ಗಂಡು ದೊಡ್ಡ ಟ್ಯಾಂಕಿನಲ್ಲಿ.

ಬಿತ್ತನೆ_ಬೀಜ (ರಾಯಚೂರು), 5 ಫೆಬ್ರವರಿ

ಅಣ್ಣಾ, ನಾನು ಕೃಷಿ ಕಾಲೇಜಿನಲ್ಲಿ ತಳಿಶಾಸ್ತ್ರ ಓದುತ್ತಿದ್ದೇನೆ. ಅಕ್ಕ ಹೇಳಿದ್ದು ಪೂರ್ತಿ ಸರಿ. ಅಲ್ಬಿನೊ ಗುಣ ಅಡಗಿಕೊಳ್ಳುವ ಗುಣ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕಡೆಯಿಂದ ಬಂದರೆ ಮಾತ್ರ ಕಣ್ಣು ಕೆಂಪಾಗುತ್ತದೆ. ನಿಮ್ಮ 18 ಬೂದು ಮರಿಗಳಲ್ಲಿ ಪ್ರತಿಯೊಂದರ ಒಳಗೂ ಅಮ್ಮನ ಅಲ್ಬಿನೊ ಗುಣ ಒಂದು ಅಡಗಿ ಕೂತಿದೆ. ಅವುಗಳಲ್ಲೇ ಗಂಡು ಹೆಣ್ಣು ಕೂಡಿದರೆ ಮೊಮ್ಮಕ್ಕಳಲ್ಲಿ ನಾಲ್ಕಕ್ಕೆ ಒಂದು ಮತ್ತೆ ಕೆಂಪು ಕಣ್ಣಿಂದ ಹುಟ್ಟುತ್ತದೆ.

ಗಪ್ಪಿ ಮೀನಿನಲ್ಲಿ ಇನ್ನೊಂದು ವಿಶೇಷ ಇದೆ. ಕೆಲವು ಬಣ್ಣಗಳು ಅಪ್ಪನಿಂದ ಗಂಡುಮಕ್ಕಳಿಗೆ ಮಾತ್ರ ಹೋಗುತ್ತವೆ. ಡೆನ್ಮಾರ್ಕಿನ ಯೊಹಾನ್ನೆಸ್ ಶ್ಮಿಟ್ 1920ರಲ್ಲಿ ಇದನ್ನು ತೋರಿಸಿದ್ದು ಗಪ್ಪಿ ಗಂಡಿನ ಬೆನ್ನುರೆಕ್ಕೆಯ ಒಂದು ಕಪ್ಪು ಚುಕ್ಕೆಯಿಂದಲೇ. ಆಮೇಲೆ ಅದೇ ದೇಶದ ವಿಂಗೆ ಇದನ್ನು ಮುಂದುವರಿಸಿದರು. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನಿನಿಂದ ಅಷ್ಟು ದೊಡ್ಡ ವಿಷಯ ಗೊತ್ತಾಯಿತು ಅನ್ನುವುದು ನನಗೆ ಬಹಳ ಇಷ್ಟ.

ನಮಗೆ ಇದರಿಂದ ಒಂದು ಉಪಯೋಗ ಇದೆ. ಹೆಣ್ಣು ನೋಡಲು ಸಪ್ಪೆ ಇದ್ದರೂ ಒಳಗೆ ಏನಿದೆ ಅಂತ ಮುಖ ನೋಡಿ ಹೇಳಲಾಗುವುದಿಲ್ಲ. ಅದರ ಅಣ್ಣತಮ್ಮಂದಿರನ್ನು ನೋಡಬೇಕು. ಯಾವ ಹೆಣ್ಣಿನ ಜೊತೆ ಹುಟ್ಟಿದ ಗಂಡುಗಳೆಲ್ಲ ಒಂದೇ ಸಮ ಚೆನ್ನಾಗಿವೆಯೋ ಆ ಹೆಣ್ಣನ್ನು ಇಟ್ಟುಕೊಳ್ಳಿ.

ಹರವಿ_ನೀರು (ಗಂಗಾವತಿ), 5 ಫೆಬ್ರವರಿ

ಬಂಗಾರದಂಥ ಮಾತು ಹೇಳಿದೆಯಪ್ಪಾ. ನಮ್ಮ ತಂದೆ ಬಿತ್ತನೆ ಜೋಳಕ್ಕೆ ನಿಂತ ಬೆಳೆಯಲ್ಲೇ ತೆನೆ ಗುರುತು ಮಾಡುತ್ತಿದ್ದರು. ರಾಶಿ ಮಾಡಿದ ಮೇಲೆ ದಪ್ಪ ಕಾಳು ಆರಿಸಿದರೆ ಅದು ಯಾವ ದಂಟಿನದು, ದಂಟು ಬಗ್ಗಿತ್ತೋ ನಿಂತಿತ್ತೋ ಗೊತ್ತಾಗುವುದಿಲ್ಲ ಅನ್ನುತ್ತಿದ್ದರು. ಮೀನೂ ಹಾಗೆಯೇ. ಮರಿ ಇದ್ದಾಗಿನಿಂದ ಯಾವುದು ಮೊದಲು ಬೆಳೆಯಿತು, ಯಾವುದು ಊಟಕ್ಕೆ ಮುಂದೆ ಬರುತ್ತದೆ, ಯಾವುದರ ಬೆನ್ನು ನೆಟ್ಟಗಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಾಲ ಒಂದನ್ನೇ ನೋಡಬೇಡಿ. ಬಾಲ ಬಹಳ ದೊಡ್ಡದಾದ ಗಂಡು ಈಜಲೂ ಕಷ್ಟಪಡುತ್ತದೆ, ಹೆಣ್ಣಿನ ಹಿಂದೆ ಹೋಗಲೂ ಆಗುವುದಿಲ್ಲ. ನಾನು ಗಂಡನ್ನು ನಾಲ್ಕೈದು ತಿಂಗಳ ಪ್ರಾಯದಲ್ಲೇ ಕೂಡಿಸುತ್ತೇನೆ.

ಕೆಂಪುಮಣ್ಣು (ಬಳ್ಳಾರಿ), 7 ಫೆಬ್ರವರಿ

ಬಣ್ಣದ ವಿಷಯ ಒಪ್ಪಿದೆ. ಆದರೆ ನೀರಿನ ವಿಷಯದಲ್ಲಿ ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು ಎರಡು ವರ್ಷದ ಹಿಂದೆ ಚೆನ್ನೈ ಕೊಳತ್ತೂರಿನಿಂದ 10 ಮಾಸ್ಕೋ ಬ್ಲೂ ಗಪ್ಪಿ ತರಿಸಿದೆ. ಚೀಲವನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಸಿ ಬಿಟ್ಟೆ. ನಮ್ಮ ಬೋರ್ ಟಿಡಿಎಸ್ 1400. ಮೂರು ದಿನದಲ್ಲಿ 6 ಸತ್ತವು. ಆಮೇಲೆ ಆರ್‌ಒಗೆ ಬದಲಾದೆ.

ಹರವಿ_ನೀರು (ಗಂಗಾವತಿ), 7 ಫೆಬ್ರವರಿ

ಅಣ್ಣಾ, ಚೀಲದೊಳಗಿನ ನೀರಿನ ಟಿಡಿಎಸ್ ನೋಡಿದ್ದಿರಾ? ಆರ್‌ಒ ಮೇಲೆ ಉಳಿದ 4 ಹೇಗಿದ್ದವು?

ಕೆಂಪುಮಣ್ಣು (ಬಳ್ಳಾರಿ), 8 ಫೆಬ್ರವರಿ

ಚೀಲದ ನೀರು ನೋಡಿರಲಿಲ್ಲ. ಆರ್‌ಒ ಮೇಲೆ ಎರಡು ತಿಂಗಳು ಇದ್ದವು. ಆಮೇಲೆ ರೆಕ್ಕೆ ಮುಚ್ಚಿಕೊಂಡು ಇದ್ದಲ್ಲೇ ಮೈ ಅಲ್ಲಾಡಿಸುತ್ತಿದ್ದವು. ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಈಗ ಅರ್ಧ ಬೋರ್, ಅರ್ಧ ಆರ್‌ಒ ಹಾಕುತ್ತೇನೆ, ಚೆನ್ನಾಗಿವೆ.

ಹರವಿ_ನೀರು (ಗಂಗಾವತಿ), 8 ಫೆಬ್ರವರಿ

ಆ ಮೈ ಅಲ್ಲಾಡಿಸುವುದು ಬರೀ ಆರ್‌ಒ ನೀರಿನಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಎಲ್ಲದಕ್ಕೂ ಬರುತ್ತದೆ. ಇವೆಲ್ಲ ಗಡಸು ನೀರಿನ ಮೀನು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7ರಿಂದ 8, ನೀರಿನಲ್ಲಿ ಸುಣ್ಣದ ಅಂಶ ಚೆನ್ನಾಗಿರಬೇಕು. ನಮ್ಮ ಮೂರು ಜಿಲ್ಲೆಯ ಬೋರ್ ನೀರನ್ನು ಕುಡಿಯಲು ಬೈಯುತ್ತೇವೆ, ಆದರೆ ಗಪ್ಪಿಗೆ ಅದರ ಗಡಸುತನ ಹಿತ. ಆರ್‌ಒದಲ್ಲಿ ಸುಣ್ಣವೂ ಇಲ್ಲ, ಪಿಎಚ್ ಹಿಡಿದಿಡುವ ಶಕ್ತಿಯೂ ಇಲ್ಲ. ಒಂದು ದಿನ ಪಿಎಚ್ ದಿಢೀರ್ ಕುಸಿಯುತ್ತದೆ.

ನಿಮ್ಮ 6 ಮೀನು ಹೋಗಿದ್ದು 1400 ಟಿಡಿಎಸ್‌ನಿಂದ ಅಲ್ಲ, ಅಲ್ಲಿಂದ ಇಲ್ಲಿಗೆ ಅರ್ಧ ಗಂಟೆಯಲ್ಲಿ ಹಾರಿಸಿದ್ದರಿಂದ ಅಂತ ನನ್ನ ಅನಿಸಿಕೆ. ಹೊಸ ಮೀನು ಬಂದರೆ ನಾನು ಬಕೆಟಿಗೆ ಸುರಿದು, ಸಣ್ಣ ಏರ್ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಎರಡು ಗಂಟೆ ಬಿಡುತ್ತೇನೆ. ಟಿಡಿಎಸ್ ವ್ಯತ್ಯಾಸ ಬಹಳ ಇದ್ದರೆ ಎರಡು ಮೂರು ದಿನ ತೆಗೆದುಕೊಳ್ಳುತ್ತೇನೆ. ಅರ್ಧಕ್ಕರ್ಧ ಬೆರೆಸುವುದೂ ಒಳ್ಳೆಯದೇ. ಆದರೆ ಪ್ರತಿ ಸಲ ಅದೇ ಅಳತೆ ಇರಬೇಕು. ಮೀನಿಗೆ ಒಂದೇ ತರದ ನೀರು ಬೇಕು.

ನಲ್ಲಿ ನೀರು ಹಾಕುವವರು ಕ್ಲೋರಿನ್ ಮರೆಯಬೇಡಿ. ಬಕೆಟಿನಲ್ಲಿ ಒಂದು ದಿನ ಏರ್ ಬಿಟ್ಟು ಇಡಿ, ಇಲ್ಲವೇ ಆಂಟಿಕ್ಲೋರಿನ್ ಹನಿ ಹಾಕಿ.

ಕೆಂಪುಮಣ್ಣು (ಬಳ್ಳಾರಿ), 8 ಫೆಬ್ರವರಿ

ಒಪ್ಪಿದೆ ಅಕ್ಕಾ. ಎರಡು ವರ್ಷ ಬೋರ್ ನೀರಿನ ಮೇಲೆ ತಪ್ಪು ಹೊರಿಸಿಕೊಂಡು ಬಂದೆ.

ಹುಣಸೆಮರ (ಸಿಂಧನೂರು), 12 ಫೆಬ್ರವರಿ

ಮರಿಗಳಿಗೆ ಏನು ಹಾಕುತ್ತಿದ್ದೀರಿ? ಪೌಡರ್ ಒಂದರಿಂದ ಬಣ್ಣವೂ ಬರುವುದಿಲ್ಲ, ಮೈಕಟ್ಟೂ ಬರುವುದಿಲ್ಲ. ಮೊದಲ ಎರಡು ತಿಂಗಳು ಜೀವಂತ ಊಟ ಸಿಕ್ಕ ಮರಿಯೇ ಬೇರೆ.

ನಾನು ಮೈಕ್ರೋವರ್ಮ್ ಅನ್ನುವ ಸಣ್ಣ ಹುಳು ಸಾಕುವುದು ಜೋಳದ ಅಂಬಲಿಯಲ್ಲಿ. ಎಲ್ಲರೂ ಓಟ್ಸ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಓಟ್ಸ್ ಇರುವುದಿಲ್ಲ. ಜೋಳದ ಹಿಟ್ಟನ್ನು ಗಟ್ಟಿ ಅಂಬಲಿ ಕಾಯಿಸಿ, ಪೂರ್ತಿ ಆರಿಸಿ, ಅಗಲ ಡಬ್ಬಿಗೆ ಒಂದು ಬೆರಳು ದಪ್ಪ ಹಾಕಿ. ಮೇಲೆ ಚಿಟಿಕೆ ಈಸ್ಟ್. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹಳೆಯ ಡಬ್ಬಿಯಿಂದ ಒಂದು ಚಮಚ ಹುಳು. ಮುಚ್ಚಳಕ್ಕೆ ಸೂಜಿ ತೂತು. ನಾಲ್ಕು ದಿನಕ್ಕೆ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆಳಕಿಗೆ ಹಿಡಿದರೆ ಗೋಡೆಯೇ ಹರಿಯುತ್ತಿದೆ ಅನಿಸುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿ ನೀರಿಗೆ ಅದ್ದಿದರೆ ಮುಗಿಯಿತು. ಎರಡು ಮೂರು ವಾರಕ್ಕೆ ಅಂಬಲಿ ನೀರಾಗಿ ವಾಸನೆ ಬರುತ್ತದೆ, ಅಷ್ಟರಲ್ಲಿ ಹೊಸ ಡಬ್ಬಿ ಮಾಡಿಕೊಳ್ಳಬೇಕು.

ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿ) ಮರಿ ಇನ್ನೂ ಒಳ್ಳೆಯದು. ಅದರ ಮೊಟ್ಟೆ ಒಡೆಸಲು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕೆಳಗಿನಿಂದ ಏರ್, 24 ಗಂಟೆ. 28 ಡಿಗ್ರಿ ಶಾಖ ಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ನಮ್ಮ ಕಡೆ ಅದಕ್ಕೆ ಹೀಟರ್ ಬೇಕಿಲ್ಲ. ಮರಿಗೆ ಕೊಡುವ ಮೊದಲು ಒಡೆದ ಚಿಪ್ಪು ಬೇರೆ ಮಾಡಿ.

ಕೋಟೆ_ಕೆಳಗೆ (ರಾಯಚೂರು), 12 ಫೆಬ್ರವರಿ

ಮೊಟ್ಟೆಯ ಹಳದಿ ಹಾಕುತ್ತಿದ್ದೆ ಅಣ್ಣಾ. ನೀರು ಬೇಗ ಮಬ್ಬಾಗುತ್ತದೆ. ಒಂದು ಚಮಚ ಹೆಪ್ಪು ನನಗೂ ಬೇಕು.

ಹುಣಸೆಮರ (ಸಿಂಧನೂರು), 12 ಫೆಬ್ರವರಿ

ಹಳದಿ ನಿಲ್ಲಿಸಿಬಿಡಿ. ತಿನ್ನದೇ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ. ನಮ್ಮ ಕಡೆ ನೀರಿನ ಪಿಎಚ್ ಜಾಸ್ತಿ, ಶಾಖವೂ ಜಾಸ್ತಿ, ಎರಡೂ ಸೇರಿದರೆ ಅದೇ ಅಮೋನಿಯಾ ಹೆಚ್ಚು ವಿಷ. ಪಿಎಚ್ 7, 25 ಡಿಗ್ರಿ ಇದ್ದಾಗ ನೂರರಲ್ಲಿ ಒಂದು ಭಾಗವೂ ವಿಷದ ರೂಪದಲ್ಲಿ ಇರುವುದಿಲ್ಲ. ಪಿಎಚ್ 8, 30 ಡಿಗ್ರಿ ಆದರೆ ಏಳು ಭಾಗ. ಅದಕ್ಕೇ ಬೆಂಗಳೂರಿನವರು ಒಂದು ಹೊತ್ತು ಜಾಸ್ತಿ ಊಟ ಹಾಕಿದರೆ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ. ಸ್ವಲ್ಪ ಸ್ವಲ್ಪ ನಾಲ್ಕು ಸಲ ಹಾಕಿ. ಹೆಪ್ಪು ಬಸ್ಸಿನಲ್ಲಿ ಬರುವ ಯಾರ ಕೈಯಲ್ಲಾದರೂ ಕಳಿಸುತ್ತೇನೆ.

ಕೋಟೆ_ಕೆಳಗೆ (ರಾಯಚೂರು), 19 ಏಪ್ರಿಲ್

ಬಿಸಿಲು ಬಂತು. ಹೊರಗೆ 42. ನಿನ್ನೆ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇರಲಿಲ್ಲ. ಟ್ಯಾಂಕ್ ನೀರು 34 ಡಿಗ್ರಿ. ನಾಲ್ಕೂ ಹೆಣ್ಣು ನೀರಿನ ಮೇಲೆ ಬಾಯಿ ಇಟ್ಟು ನಿಂತಿವೆ. ಗಾಬರಿಯಾಗಿ ಐಸ್ ಬಾಟಲಿ ಇಳಿಬಿಟ್ಟೆ. ಒಂದು ಗಂಟೆಯಲ್ಲಿ 29ಕ್ಕೆ ಬಂತು, ಐಸ್ ಕರಗಿದ ಮೇಲೆ ಮತ್ತೆ 33. ಗಂಡುಗಳ ಡಬ್ಬಿಯಲ್ಲಿ ಒಂದು ಗಂಡು ತಳ ಹಿಡಿದಿದೆ. ಯಾರಾದರೂ ಬೇಗ ಹೇಳಿ.

ಹರವಿ_ನೀರು (ಗಂಗಾವತಿ), 19 ಏಪ್ರಿಲ್

ಐಸ್ ತೆಗೆಯಿರಿ. ಅಷ್ಟು ಬೇಗ ಇಳಿಯುವುದು, ಏರುವುದು 34 ಡಿಗ್ರಿಗಿಂತ ಕೆಟ್ಟದ್ದು.

ಅವು ಬಾಯಿ ಮೇಲಿಟ್ಟಿರುವುದು ಗಾಳಿಗಾಗಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಹಿಡಿಯುವುದಿಲ್ಲ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಇದ್ದದ್ದು 35ಕ್ಕೆ 7ಕ್ಕಿಂತ ಕೆಳಗೆ ಬರುತ್ತದೆ. ಮೀನಿಗೆ ಅದೇ ಹೊತ್ತಿಗೆ ಜಾಸ್ತಿ ಬೇಕಾಗುತ್ತದೆ. ಈಗಲೇ ಒಂದು ಮಗ್ಗಿನಿಂದ ನೀರು ಎತ್ತಿ ಎತ್ತಿ ಸುರಿಯಿರಿ. ಇವತ್ತು ಊಟ ಬೇಡ. ಬ್ಯಾಟರಿಯ ಏರ್ ಪಂಪ್ ಒಂದು ತಂದಿಟ್ಟುಕೊಳ್ಳಿ, ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವಂಥದ್ದು ಸಿಗುತ್ತದೆ.

ಇನ್ನು ತಂಪಿನ ವಿಷಯ. ನಮ್ಮ ಬಿಸಿಲು ಒಣಬಿಸಿಲು. ಹರವಿಯ (ಮಣ್ಣಿನ ಕೊಡದ) ನೀರು ಯಾಕೆ ತಂಪಾಗುತ್ತದೆ? ಹೊರಮೈಯಿಂದ ನೀರು ಆರುತ್ತಾ ಶಾಖ ಎಳೆದುಕೊಂಡು ಹೋಗುತ್ತದೆ. ಅದೇ ಕೆಲಸ ಟ್ಯಾಂಕಿಗೂ ಮಾಡಿ. ಮುಚ್ಚಳ ತೆಗೆದು ಸೊಳ್ಳೆಪರದೆಯ ಬಟ್ಟೆ ಕಟ್ಟಿ. ಸಣ್ಣ ಫ್ಯಾನ್ ಒಂದನ್ನು ನೀರಿನ ಮೇಲೆ ಬೀಸುವ ಹಾಗೆ ಇಡಿ. ನಮ್ಮ ಮನೆಯಲ್ಲಿ ಇಷ್ಟಕ್ಕೇ ಮೂರು ಡಿಗ್ರಿ ಇಳಿಯುತ್ತದೆ. ಗಾಜಿನ ಮೂರು ಕಡೆ ಒದ್ದೆ ಗೋಣಿ ಸುತ್ತಿ. ಲೈಟ್ ಆರಿಸಿಬಿಡಿ. ಅಲ್ಬಿನೊ ಕಣ್ಣಿಗೆ ಹೇಗಿದ್ದರೂ ಜೋರು ಬೆಳಕು ಆಗುವುದಿಲ್ಲ. ಮರಿಗಳು ಥರ್ಮಾಕೋಲ್ ಡಬ್ಬಿಯಲ್ಲಿದ್ದರೆ ಅದನ್ನು ಪಡಸಾಲೆಯ ಕಲ್ಲುನೆಲದ ಮೇಲೆ, ಮಾಳಿಗೆಯಿಂದ ದೂರ ಇಡಿ.

ಒಂದು ಮಾತು ಬಹಳ ಮುಖ್ಯ. ಫ್ಯಾನ್ ಇಟ್ಟರೆ ನೀರು ಬೇಗ ಆರುತ್ತದೆ. ನಿಮ್ಮದು 60 ಲೀಟರ್ ಟ್ಯಾಂಕ್, ದಿನಕ್ಕೆ ಎರಡು ಲೀಟರ್ ಹೋಗುತ್ತದೆ ಅಂದುಕೊಳ್ಳಿ. ಆರುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ಅದರ ಜಾಗಕ್ಕೆ ದಿನಾ 1100 ಟಿಡಿಎಸ್ ಬೋರ್ ನೀರು ತುಂಬಿದರೆ 30 ದಿನಕ್ಕೆ ಇನ್ನೊಂದು ಟ್ಯಾಂಕಿನಷ್ಟು ಉಪ್ಪು ಸೇರಿ 2200 ಆಗುತ್ತದೆ. ನೋಡಲು ನೀರು ತಿಳಿಯಾಗಿಯೇ ಇರುತ್ತದೆ. ಹೋದ ಮೇ ತಿಂಗಳಲ್ಲಿ ನೀವು ಏನು ತುಂಬುತ್ತಿದ್ದಿರಿ?

ಕೋಟೆ_ಕೆಳಗೆ (ರಾಯಚೂರು), 19 ಏಪ್ರಿಲ್

ಬೋರ್ ನೀರೇ ಅಕ್ಕಾ. ಎರಡು ತಿಂಗಳು ಬರೀ ತುಂಬುತ್ತಿದ್ದೆ, ಬದಲಾಯಿಸಿರಲಿಲ್ಲ. ಬೇಸಿಗೆಯಲ್ಲಿ ನೀರು ಬದಲಾಯಿಸಿದರೆ ಮೀನಿಗೆ ತೊಂದರೆ ಅಂತ ಯಾರೋ ಹೇಳಿದ್ದರು.

ಹರವಿ_ನೀರು (ಗಂಗಾವತಿ), 19 ಏಪ್ರಿಲ್

ಅಲ್ಲೇ ಆಗಿದ್ದು. ಆರಿದ ನೀರಿನ ಜಾಗಕ್ಕೆ ಆರ್‌ಒ ತುಂಬಿ. ಅಂಗಡಿಯವರ ಆರ್‌ಒ ಮಾತು ಇಲ್ಲಿ ಮಾತ್ರ ಸರಿ. ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಭಾಗ ತೆಗೆದು ಬದಲಾಯಿಸುವಾಗ ನಿಮ್ಮ ಮಾಮೂಲಿ ನೀರು, ಒಂದು ರಾತ್ರಿ ಅದೇ ಕೋಣೆಯಲ್ಲಿ ಇಟ್ಟದ್ದು.

ಕೋಟೆ_ಕೆಳಗೆ (ರಾಯಚೂರು), 21 ಏಪ್ರಿಲ್

ಫ್ಯಾನ್, ಗೋಣಿ ಎರಡೂ ಹಾಕಿದೆ. ಈಗ ಮಧ್ಯಾಹ್ನ ಮೂರಕ್ಕೆ 30.5. ತಳ ಹಿಡಿದ ಗಂಡು ನಿನ್ನೆ ಬೆಳಿಗ್ಗೆ ಹೋಯಿತು. ಉಳಿದವು ಊಟಕ್ಕೆ ಬರುತ್ತಿವೆ.

ಓಣಿ_ಮನೆ (ಕುಷ್ಟಗಿ), 2 ಮೇ

ನಾನೂ ಇದೇ ಚರ್ಚೆ ಓದಿ ಗಂಡು ಹೆಣ್ಣು ಬೇರೆ ಮಾಡಿದೆ. ನನ್ನದು ಕೋಬ್ರಾ ಗಪ್ಪಿ. ಈಗ ಬೇಡವಾದ 30 ಮೀನು ಉಳಿದಿವೆ. ನನ್ನ ಮಗಳು ಮೂರನೇ ಕ್ಲಾಸು. "ಅಮ್ಮಾ, ಇವುಗಳದ್ದು ಏನು ತಪ್ಪು" ಅಂತ ಕೇಳಿದಳು. ಉತ್ತರ ಗೊತ್ತಾಗಲಿಲ್ಲ. ಕಾಲುವೆಗೆ ಬಿಟ್ಟರೆ ಬದುಕಿಕೊಳ್ಳುತ್ತವೆ ಅಲ್ವಾ?

ಕೆಂಪುಮಣ್ಣು (ಬಳ್ಳಾರಿ), 2 ಮೇ

ದೊಡ್ಡ ಮೀನಿಗೆ ಹಾಕಿಬಿಡಿ ತಂಗಿ. ತಳಿ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ಮನಸ್ಸು ಗಟ್ಟಿ ಮಾಡದಿದ್ದರೆ ತಳಿ ಉಳಿಯುವುದಿಲ್ಲ.

ಹರವಿ_ನೀರು (ಗಂಗಾವತಿ), 3 ಮೇ

ಮೊದಲು ಕಾಲುವೆಯ ಮಾತು. ದಯವಿಟ್ಟು ಬಿಡಬೇಡಿ. ಬದುಕಿಕೊಳ್ಳುತ್ತವೆ, ತೊಂದರೆ ಇರುವುದೇ ಅಲ್ಲಿ. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು. ಒಂದು ಗಬ್ಬದ ಹೆಣ್ಣು ಸಾಕು, ಕೆರೆ ತುಂಬಾ ಆಗುತ್ತದೆ. ನಮ್ಮ ಸಣ್ಣ ಮೀನುಗಳ ಮೊಟ್ಟೆ, ಮರಿ ತಿನ್ನುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳಿಗೆ ಅಂತ ಮೀಸಲು ಮಾಡಿದ್ದಾರೆ. ಆ ನದಿಯ ಮೀನುಗಳನ್ನು ನಂಬಿ ಬದುಕುವ ಜೀವ ಅವು. ಕಾಲುವೆ, ಹಳ್ಳ, ಕೆರೆ ಎಲ್ಲ ಒಂದಕ್ಕೊಂದು ಕೂಡುತ್ತವೆ.

ಮನೆಯ ಸಿಮೆಂಟ್ ತೊಟ್ಟಿ ಬೇರೆ ಮಾತು. ಹೊರಗೆ ಹರಿದು ಹೋಗದ ತೊಟ್ಟಿಗೆ ಹತ್ತು ಗಂಡು ಬಿಡಿ. ಸೊಳ್ಳೆ ಮರಿ ಒಂದೂ ಉಳಿಯುವುದಿಲ್ಲ. ಆರೋಗ್ಯ ಇಲಾಖೆಯವರೂ ಗಪ್ಪಿ, ಗ್ಯಾಂಬೂಸಿಯಾ ಮೀನನ್ನು ಇದಕ್ಕೇ ಬಳಸುತ್ತಾರೆ. ಡೆಂಗಿ ದಿನಗಳಲ್ಲಿ ನಮ್ಮ ಓಣಿಯ ಏಳು ಮನೆಯ ತೊಟ್ಟಿಗೆ ನನ್ನ ಬೂದು ಗಪ್ಪಿಗಳೇ ಹೋಗಿದ್ದವು. ಗಂಡು ಮಾತ್ರ ಕೊಟ್ಟರೆ ಸಂಖ್ಯೆ ಏರುವುದಿಲ್ಲ.

ಕೆಂಪುಮಣ್ಣು ಅಣ್ಣಾ, ನಿಮ್ಮ ಮಾತು ಸುಳ್ಳಲ್ಲ. ಆದರೆ ಆರೋಗ್ಯವಾಗಿರುವ ಮೀನನ್ನು ಬಣ್ಣ ಸರಿ ಇಲ್ಲ ಅಂತ ಕೊಲ್ಲುವುದು ನನ್ನ ಕೈಯಲ್ಲಿ ಆಗಿಲ್ಲ. ತಳಿ ಉಳಿಯಲು ಅವು ಕೂಡದಿದ್ದರೆ ಸಾಕು, ಸಾಯಬೇಕಿಲ್ಲ. ಬೆನ್ನು ತೀರಾ ಡೊಂಕಾಗಿ ಊಟಕ್ಕೇ ಬರಲಾಗದ ಮರಿ ನರಳುವುದು ಬೇರೆ, ಅದಕ್ಕೆ ಲವಂಗದ ಎಣ್ಣೆಯಲ್ಲಿ ನಿದ್ದೆ ಬರಿಸುತ್ತೇನೆ. ಅದೂ ವರ್ಷಕ್ಕೆ ಒಂದೆರಡು. ಮೊದಲೇ ಕಡಿಮೆ ಮರಿ ಹುಟ್ಟುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

ತಂಗೀ, ನಿಮ್ಮ ಮಗಳಿಗೆ ಹೇಳಿ, ಅವುಗಳದ್ದು ಏನೂ ತಪ್ಪಿಲ್ಲ. ಒಂದು ತೊಟ್ಟಿಯನ್ನು ಅವಳಿಗೇ ಕೊಡಿ.

ಓಣಿ_ಮನೆ (ಕುಷ್ಟಗಿ), 6 ಮೇ

ಹಿತ್ತಲಿನ ತೊಟ್ಟಿಗೆ 12 ಗಂಡು ಬಿಟ್ಟೆವು ಅಕ್ಕಾ. ಮಗಳು ಶಾಲೆಯಿಂದ ಬಂದವಳೇ ಮೊದಲು ಅಲ್ಲಿಗೆ ಹೋಗುತ್ತಾಳೆ. ಉಳಿದ ಗಂಡುಗಳಿಗೆ ಪಕ್ಕದ ಮನೆಯವರು ಕೇಳಿದ್ದಾರೆ. ಹೆಣ್ಣುಗಳು ಬೇರೆ ಟಬ್ಬಿನಲ್ಲಿ ಇವೆ.

ಕೋಟೆ_ಕೆಳಗೆ (ರಾಯಚೂರು), 12 ಜುಲೈ

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ಬೇಸಿಗೆ ಮುಗಿಯಿತು. 9 ಕೆಂಪು ಕಣ್ಣಿನ ಮರಿಗಳಲ್ಲಿ 7 ಉಳಿದವು. ನಾಲ್ಕೂ ಹೆಣ್ಣು ಇವೆ, ಗಂಡು 3. ಅನುಮಾನದ್ದು ಗಂಡೇ ಆಗಿತ್ತು.

ಜೂನ್ 10ರವರೆಗೆ ಕೂಡಿಸಲಿಲ್ಲ. ಅಷ್ಟು ಹೊತ್ತಿಗೆ ನೀರು 28ಕ್ಕೆ ಬಂದಿತ್ತು. ನೋಟ್‌ಬುಕ್ ನೋಡಿ, ಎಲ್ಲಕ್ಕಿಂತ ಮೊದಲು ಮೈ ತುಂಬಿಕೊಂಡ ಗಂಡನ್ನು, ಹೆಣ್ಣು 1 ಮತ್ತು ಹೆಣ್ಣು 3ರ ಜೊತೆ ಬಿಟ್ಟೆ. ಈ ಹೆಣ್ಣುಗಳ ಟಬ್ಬಿಗೆ ನಾಲ್ಕು ತಿಂಗಳು ಒಂದು ಗಂಡೂ ಹೋಗಿರಲಿಲ್ಲ, ಬಲೆ ಕೂಡ ಬೇರೆ ಇಟ್ಟಿದ್ದೆ.

ಜುಲೈ 8ಕ್ಕೆ ಹೆಣ್ಣು 1 ಮರಿ ಹಾಕಿತು. 11 ಮರಿ. ಭೂತಗನ್ನಡಿ ಹಿಡಿದು ಎರಡು ಸಲ ನೋಡಿದೆ. 11ಕ್ಕೆ 11 ಕೆಂಪು ಕಣ್ಣು. ಮಗನನ್ನು ಎಬ್ಬಿಸಿ ತೋರಿಸಿದೆ. ಜೋಳದ ಅಂಬಲಿಯ ಹುಳು ಎರಡನೇ ದಿನದಿಂದ ತಿನ್ನುತ್ತಿವೆ.

ಒಂದು ಮರಿಯ ಬೆನ್ನು ಸ್ವಲ್ಪ ಬಾಗಿದ ಹಾಗೆ ಕಾಣುತ್ತದೆ. ಅಣ್ಣ ತಂಗಿ ಕೂಡಿಸಿದ್ದರಿಂದ ಹೀಗಾ ಅಕ್ಕಾ?

ಹರವಿ_ನೀರು (ಗಂಗಾವತಿ), 12 ಜುಲೈ

ಓದಿ ಕಣ್ಣು ತುಂಬಿ ಬಂತು. ಆ ಒಂದು ಗಂಡು ಬೇಸಿಗೆಯಲ್ಲಿ ಹೋದಾಗ ನನಗೂ ನಿದ್ದೆ ಬಂದಿರಲಿಲ್ಲ.

ಒಂದು ಮರಿಯ ಬೆನ್ನು ಬಾಗಿದರೆ ಹೆದರಬೇಡಿ, ಆ ಮರಿಯನ್ನು ಮುಂದೆ ಕೂಡಿಸಬೇಡಿ ಅಷ್ಟೇ. ಒಂದು ತಲೆಮಾರು ಅಣ್ಣ ತಂಗಿ ನಡೆಯುತ್ತದೆ. ಹಾಗೆಯೇ ಮೂರು ನಾಲ್ಕು ತಲೆಮಾರು ಹೋದರೆ ಮರಿ ಕಡಿಮೆ, ಮೈ ಸಣ್ಣ, ಡೊಂಕು ಜಾಸ್ತಿ. ಅದಕ್ಕೆ ಎರಡು ಸಾಲು ಇಟ್ಟುಕೊಳ್ಳಬೇಕು. ನನ್ನ ಹತ್ತಿರವೂ ಫುಲ್ ರೆಡ್ ಇದೆ, ಬೇರೆ ಕಡೆಯಿಂದ ಬಂದ ಸಾಲು. ನಿಮ್ಮ ಒಂದು ಗಂಡು ನನಗೆ, ನನ್ನ ಒಂದು ಗಂಡು ನಿಮಗೆ. ನೀವು ಅದನ್ನು ಹೆಣ್ಣು 2 ಮತ್ತು 4ಕ್ಕೆ ಮಾತ್ರ ಬಿಡಿ. 1 ಮತ್ತು 3ರ ಸಾಲು ಹಾಗೆಯೇ ಇರಲಿ. ಮೊದಲು ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ. ಹಿಂಭಾಗದಿಂದ ಕೆಂಪು ದಾರದ ಹಾಗೆ ಏನಾದರೂ ಹೊರಗೆ ಕಂಡರೆ ಅದು ಹೊಟ್ಟೆಹುಳು, ಕೂಡಲೇ ಹೇಳಿ.

ನನ್ನ ನೀರು ಟಿಡಿಎಸ್ 650. ನಿಮ್ಮದು 1100. ಇವತ್ತಿನಿಂದ ನನ್ನ ಗಂಡಿನ ಟಬ್ಬಿಗೆ ದಿನಾ ಸ್ವಲ್ಪ ಉಪ್ಪುನೀರಿನ ಬೋರ್‌ನದ್ದು ಸೇರಿಸುತ್ತಾ 1000ಕ್ಕೆ ತರುತ್ತೇನೆ. ನೀವು ಕೊಡುವ ಗಂಡಿಗೆ ಆರ್‌ಒ ಬೆರೆಸಿ ಇಳಿಸಿಕೊಳ್ಳಿ. ಹತ್ತು ದಿನ ಬೇಕು.

ಹುಣಸೆಮರ (ಸಿಂಧನೂರು), 12 ಜುಲೈ

ಇಬ್ಬರಿಗೂ ಸಿಂಧನೂರು ನಡುವೆ ಬೀಳುತ್ತದೆ. ನಮ್ಮ ಮನೆಗೇ ಬನ್ನಿ. ಊಟ ಇಲ್ಲೇ.

ಕೋಟೆ_ಕೆಳಗೆ (ರಾಯಚೂರು), 13 ಜುಲೈ

ಬರುತ್ತೇನೆ ಅಣ್ಣಾ. 23ಕ್ಕೆ ಬೆಳಿಗ್ಗೆ ಮೊದಲ ಬಸ್ಸು, ಬಿಸಿಲು ಏರುವ ಮೊದಲೇ ಮುಟ್ಟುತ್ತೇನೆ. ಮೀನಿಗೆ ಹಿಂದಿನ ದಿನ ಊಟ ಹಾಕುವುದಿಲ್ಲ. ಚೀಲವನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟು ತರುತ್ತೇನೆ. ಹೆಣ್ಣು 3ರ ಹೊಟ್ಟೆ ನಿನ್ನೆಯಿಂದ ಚೌಕ ಆಗಿದೆ, ಮೂಲೆ ಹಿಡಿದು ನಿಂತಿದೆ. ಇವತ್ತು ರಾತ್ರಿ ಟ್ಯಾಂಕ್ ಮುಂದೆಯೇ ಇರುತ್ತೇನೆ.